ವಿಷವಿಲ್ಲದ ಮನೆ, ವಿಷವಿಲ್ಲದ ಅಂಗಡಿ

ಬೀಳಗಿ ತಾಲೂಕಿನ ಅನಗವಾಡಿಯು ಘಟಪ್ರಭಾ ನದಿಯ ದಂಡೆಯ ಮೇಲಿರುವ ಊರು. ವಿಜಯಪುರದಿಂದ ಹುಬ್ಬಳ್ಳಿಯ ಕಡೆಗೆ ಸಾಗುವ ಹೆದ್ದಾರಿಯು ಇಲ್ಲಿಯ ಸೇತುವೆಯ ಮೇಲೆ ನದಿಯನ್ನು ದಾಟುತ್ತದೆ. ಸುತ್ತಲಿನದು ಕಬ್ಬು, ಬಿಳಿಜೋಳ, ಕಡಲೆ, ತೊಗರಿಗಳನ್ನು ಬೆಳೆಯುವ ಸೀಮೆ. ಬೆಲ್ಲಕ್ಕೆ ಹೆಸರಾದ ಮಹಾಲಿಂಗಪುರದ ಪೇಟೆಯೂ ಬಹು ದೂರವಿಲ್ಲ. ಇಂಥ ನಾಡಿನಲ್ಲಿ ಬೆಲ್ಲವಿದ್ದಲ್ಲಿ ಇರುವೆ, ಕಾಳಿದ್ದಲ್ಲಿ ನುಸಿ, ಚೀಲವಿದ್ದಲ್ಲಿ ಇಲಿ ಎಂಬುದು ಹೊಸ ಮಾತೇನಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಈ ಭಾಗದ ಹೊಳೆಯಲ್ಲಿ ಚಾಚಿಕೊಂಡ ಮೇಲೆ, ನಿಂತ ನೀರಿನ ಸಂಗಡ ಬರುವ ಸೊಳ್ಳೆಯನ್ನೂ ಆ ಪಟ್ಟಿಗೆ ಸೇರಿಸಬೇಕು.

ಅಹಿಂಸೆಯನ್ನು ಮೊದಲ ವ್ರತವಾಗಿ ಸ್ವೀಕರಿಸಿದ ಗೃಹಸ್ಥನು ಈ ಕಿರುಜೀವಿಗಳ ನಡುವೆ ಹೇಗೆ ಬಾಳಬೇಕು? ಈ ಪ್ರಶ್ನೆಗೆ ಉತ್ತರವು ಶ್ರಾವಕಾಚಾರದ ಗ್ರಂಥಗಳಲ್ಲಿದೆ. ಹಿರಿಯ ಹೆಣ್ಣುಮಕ್ಕಳ ಅಡುಗೆಮನೆಗಳಲ್ಲಿಯೂ ಇದೆ. ಆ ಉತ್ತರವನ್ನು ಬಲ್ಲವನಾಗಿದ್ದೂ ಅರ್ಧಕ್ಕೆ ನಿಲ್ಲಿಸಿದ ಒಬ್ಬ ಶ್ರಾವಕನ ವೃತ್ತಾಂತವು ಈ ವಿಷಯವನ್ನು ವಿಚಾರಿಸುವವರಿಗೆ ಉಪಯುಕ್ತವಾದೀತು.

ಆ ಶ್ರಾವಕನದು ಅನಗವಾಡಿಯಲ್ಲಿ ಕಿರಾಣಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಒಂದು ಬಾಗಿಲು. ಬಾಗಿಲಿನ ಒಳಗೆ ತಾಯಿಯ ಆಡಳಿತ, ಹೊರಗೆ ಮಗನ ವ್ಯಾಪಾರ. ಒಳಗೆ ಒಂದು ಇರುವೆಯನ್ನೂ ಅರಿತು ತುಳಿಯದ ಮನೆತನ. ಹೊರಗೆ ಅಂಗಡಿಯ ಹಿಂದಿನ ಕಪಾಟಿನಲ್ಲಿ ಇಲಿಪಾಷಾಣದ ಪೊಟ್ಟಣ, ಇರುವೆಯ ಪುಡಿ, ಜಿರಲೆಗೆ ಸಿಂಪಡಿಸುವ ಡಬ್ಬಿ, ತಿಗಣೆಯ ಎಣ್ಣೆ. ಒಂದೇ ಸೂರಿನ ಕೆಳಗೆ ಎರಡು ಧರ್ಮಗಳು ಬಹಳ ವರ್ಷ ಜಗಳವಿಲ್ಲದೆ ನಡೆದುಕೊಂಡು ಬಂದಿದ್ದವು.

ಮೊದಲು ಒಳಗಿನ ಮನೆಯನ್ನು ನೋಡಬೇಕು. ಆ ತಾಯಿ ಶಾಲೆಯನ್ನು ಹೆಚ್ಚು ಕಂಡವರಲ್ಲ. ಆದರೆ ಅವರ ಒಂದೊಂದು ರೂಢಿಯ ಹಿಂದೆಯೂ ಕಾರಣವಿತ್ತು. ಸುಗ್ಗಿ ಮುಗಿದು ಜೋಳ ಮನೆಗೆ ಬಂದರೆ ಅದನ್ನು ಮಾಳಿಗೆಯ ಮೇಲೆ ತೆಳ್ಳಗೆ ಹರವಿ ಒಣಗಿಸುವುದು ಮೊದಲ ಕೆಲಸ. ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡುವರು; ಅದು ಕಟಕ್ಕೆಂದು ಒಡೆದರೆ ಮಾತ್ರ ಕಣಜಕ್ಕೆ. ಮೆತ್ತಗೆ ಅಮುಕಿದರೆ ಇನ್ನೊಂದು ದಿನದ ಬಿಸಿಲು. ಕಾಳಿನಲ್ಲಿ ತೇವವು ಶೇಕಡಾ 10ರ ಆಸುಪಾಸಿಗೆ ಇಳಿದರೆ ನುಸಿಯ ಸಂತಾನ ಬೆಳೆಯುವುದು ಬಹು ಕಷ್ಟ ಎಂದು ಇಂದಿನ ಧಾನ್ಯವಿಜ್ಞಾನ ಹೇಳುತ್ತದೆ. ಆ ತಾಯಿಗೆ ಶೇಕಡಾವಾರು ಲೆಕ್ಕ ಗೊತ್ತಿರಲಿಲ್ಲ, ಹಲ್ಲಿನ ಲೆಕ್ಕ ಗೊತ್ತಿತ್ತು.

ತೊಗರಿ, ಕಡಲೆಗಳನ್ನು ಅವರು ಇಡಿಯಾಗಿ ಬಹಳ ದಿನ ಇಡುತ್ತಿರಲಿಲ್ಲ. ಬೇಗನೆ ಬೇಳೆ ಒಡೆಸುವರು. ಬೇಳೆಕಾಳಿನ ಹುಳು ನುಣುಪಾದ ಇಡಿಯ ಕಾಳಿನ ಮೈಗೆ ತತ್ತಿಯನ್ನು ಅಂಟಿಸಿ ಇಡುತ್ತದೆ. ಮರಿ ಕಾಳನ್ನು ಕೊರೆದು ಒಳಗೆ ಸೇರಿ, ಸುಮಾರು ಒಂದು ತಿಂಗಳಲ್ಲಿ ರೆಕ್ಕೆಯ ಹುಳುವಾಗಿ ಹೊರಬರುತ್ತದೆ. ಒಡೆದ ಬೇಳೆಯು ಅದರ ಸಂತಾನಕ್ಕೆ ಅನುಕೂಲವಾದ ಮನೆಯಲ್ಲ. ಇಡಿಯಾಗಿಯೇ ಇಡಬೇಕಾದ ಕಾಳಿಗೆ ಕೊಂಚ ಔಡಲೆಣ್ಣೆ ಸವರಿ, ಬಾಯಿ ಬಿಗಿಯಾದ ಡಬ್ಬಿಯಲ್ಲಿ ತುಂಬುವರು. ಎಣ್ಣೆ ಸವರಿದ ಕಾಳು ತತ್ತಿಗೆ ತಕ್ಕ ಜಾಗವಲ್ಲ. ಬೇವಿನ ಒಣ ಎಲೆ, ಬಜೆಯ ಬೇರು ಇವುಗಳನ್ನೂ ಡಬ್ಬಿಯಲ್ಲಿ ಹಾಕುತ್ತಿದ್ದರು. ಆದರೆ ಎಲೆಯನ್ನು ನಂಬಿ ಮುಚ್ಚಳವನ್ನು ಸಡಿಲ ಬಿಟ್ಟವರಲ್ಲ. ಬೇವಿನ ವಾಸನೆ ಹುಳುವಿಗೆ ಹಿತವಲ್ಲ ನಿಜ. ತೇವದ ಕಾಳನ್ನು ಬೇವೊಂದೇ ಕಾಯಲಾರದು.

ಹಳೆಯ ಕಾಳಿನಲ್ಲಿ ನುಸಿ ಕಂಡರೆ ಎಳೆಬಿಸಿಲಿನಲ್ಲಿ, ಒಂದು ಅಂಚು ನೆರಳಿಗೆ ತಾಗುವಂತೆ ಹರವುವರು. ಬಿಸಿಲೇರಿದಂತೆ ಹುಳುಗಳು ತಾವಾಗಿ ನೆರಳಿನತ್ತ ಸರಿಯುತ್ತವೆ. ಉಳಿದವನ್ನು ಸಾಣಿಗೆಯಲ್ಲಿ ಸಾಣಿಸಿ, ಒಂದು ಹಿಡಿ ನುಚ್ಚಿನ ಸಮೇತ ಹಿತ್ತಲಿನ ಗಿಡದ ಬುಡದಲ್ಲಿ ಇಡುವರು. ಗುಜರಾತಿನ ಕೆಲವು ಪಾಂಜರಾಪೋಳಗಳಲ್ಲಿ ಇದಕ್ಕಾಗಿಯೇ ಒಂದು ಕೋಣೆ ಇರುತ್ತಿತ್ತು. ಹುಳು ಬಿದ್ದ ಕಾಳನ್ನು, ಕಸದೊಡನೆ ಬಂದ ಕ್ರಿಮಿಗಳನ್ನು ಅಲ್ಲಿ ಹಾಕಿ ಅವುಗಳ ಆಯುಷ್ಯವನ್ನು ಅವುಗಳಿಗೇ ಬಿಡುತ್ತಿದ್ದರು. ಅದನ್ನು ಜೀವಾತಖಾನೆ ಎಂದು ಕರೆಯುತ್ತಿದ್ದರು. ಅನಗವಾಡಿಯ ಆ ಹಿತ್ತಲಿನ ಗಿಡವೂ ಒಂದು ಸಣ್ಣ ಜೀವಾತಖಾನೆಯೇ.

ಈ ಸೀಮೆಯ ಹಗೇವು ಕೂಡ ವಿಚಾರಕ್ಕೆ ಯೋಗ್ಯ. ನೆಲದೊಳಗಿನ ಆ ಉಗ್ರಾಣದಲ್ಲಿ ಜೋಳವನ್ನು ತುಂಬಿ ಬಾಯಿಗೆ ಮಣ್ಣು ಮೆತ್ತಿದರೆ ಒಳಗಿನ ಪ್ರಾಣವಾಯು ಕ್ರಮೇಣ ತೀರುತ್ತದೆ. ಆದುದರಿಂದಲೇ ಹಗೇವು ತೆರೆದೊಡನೆ ಯಾರೂ ಇಳಿಯುವುದಿಲ್ಲ. ಬಹಳ ಹೊತ್ತು ಬಾಯಿ ತೆರೆದಿಟ್ಟು, ದೀಪವನ್ನು ಇಳಿಬಿಟ್ಟು ಅದು ಉರಿಯುವುದನ್ನು ನೋಡಿ ಇಳಿಯುವುದು ಹಿರಿಯರು ಕಲಿಸಿದ ಎಚ್ಚರಿಕೆ. ಹುಳು ಕೂಡಿದ ಕಾಳನ್ನು ಹಾಗೆಯೇ ತುಂಬಿ ಮುಚ್ಚಿದರೆ ಒಳಗಿನ ಜೀವಿಗಳು ಉಸಿರುಗಟ್ಟಿ ಸಾಯುತ್ತವೆ. ಒಣಗಿಸಿ, ಸಾಣಿಸಿ, ಆರಿಸಿದ ಕಾಳನ್ನು ತುಂಬಿದರೆ ಸಾಯಲು ಅಲ್ಲಿ ಜೀವಿಯೇ ಇರುವುದು ಕಡಿಮೆ. ಎರಡು ಹಗೇವುಗಳೂ ಹೊರಗಿನಿಂದ ಒಂದೇ ತೆರನಾಗಿ ಕಾಣುತ್ತವೆ. ಹಿಂಸೆ ಅಹಿಂಸೆಗಳ ವ್ಯತ್ಯಾಸವು ಬಾಯಿ ಮುಚ್ಚುವುದಕ್ಕೆ ಹಿಂದಿನ ದಿನದ ಕೆಲಸದಲ್ಲಿದೆ.

ಹಿಟ್ಟಿಗೆ ಶ್ರಾವಕರಲ್ಲಿ ಒಂದು ಮರ್ಯಾದೆ ಉಂಟು. ಮಳೆಗಾಲದಲ್ಲಿ 3 ದಿನ, ಬೇಸಿಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ. ಅದನ್ನು ಮೀರಿದ ಹಿಟ್ಟು ಬಳಕೆಗೆ ಸಲ್ಲದು. ಗಿರಣಿಗೆ ಪದೇ ಪದೇ ಹೋಗುವುದು ಬೇಸರದ ಕೆಲಸವೆಂದು ಇಂದಿನ ಮನೆಗಳು ಈ ನಿಯಮವನ್ನು ಸಡಿಲಿಸಿವೆ. ಆದರೆ ಹಿಟ್ಟಿನ ಹುಳು ತತ್ತಿಯಿಂದ ಬೆಳೆದ ಹುಳುವಾಗಲು ಹೆಚ್ಚು ಕಡಿಮೆ ತಿಂಗಳು ಬೇಕು. ವಾರದೊಳಗೆ ಬರಿದಾಗಿ ತೊಳೆದು ಒಣಗುವ ಡಬ್ಬಿಯಲ್ಲಿ ಅದರ ವಂಶ ಬೆಳೆಯುವ ಬಗೆಯೇ ಇಲ್ಲ. ರಾತ್ರಿಭೋಜನ ತ್ಯಾಗದ ಫಲವೂ ಇದೇ ತೆರನಾದದ್ದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿದು, ಪಾತ್ರೆ ತೊಳೆದು, ಒಲೆಗಟ್ಟೆ ಒರೆಸಿ, ಬಚ್ಚಲಿನ ಬಾಯಿಗೆ ಜಾಳಿಗೆ ಮುಚ್ಚಿದ ಮನೆಯಲ್ಲಿ, ಇರುಳಿನಲ್ಲಿ ಹೊರಡುವ ಜಿರಲೆಗೆ ತಿನ್ನಲು ಕೂಳಿಲ್ಲ, ಕುಡಿಯಲು ನೀರಿಲ್ಲ. ಅದನ್ನು ಯಾರೂ ಹೊಡೆಯಬೇಕಾಗಿಲ್ಲ. ಅದು ಬರುವುದೇ ಕಡಿಮೆ.

ಬೆಲ್ಲದ ಗಡಿಗೆಯು ನೆಲುವಿನಲ್ಲಿ ತೂಗುತ್ತಿತ್ತು. ಡಬ್ಬಿಗಳ ಕೆಳಗೆ ನೀರಿನ ತಟ್ಟೆ ಇಡುವ ರೂಢಿ ಅನೇಕ ಮನೆಗಳಲ್ಲಿದೆ. ಆ ತಾಯಿ ಅದಕ್ಕೆ ಒಪ್ಪಲಿಲ್ಲ, ತಟ್ಟೆಯ ನೀರಿನಲ್ಲಿ ಬಿದ್ದ ಇರುವೆ ಈಜಿ ದಡ ಸೇರುವುದಿಲ್ಲವೆಂದು. ಇರುವೆಯ ಸಾಲು ಒಳಗೆ ಬಂದರೆ, ಅವು ಸರಿದು ಹೋಗುವವರೆಗೆ ಕಾದು, ಆ ದಾರಿಯನ್ನು ನಿಂಬೆಹಣ್ಣಿನ ನೀರಿನ ಅರಿವೆಯಿಂದ ಒರೆಸುವರು. ಗೋಡೆಯ ಬಿರುಕನ್ನು ಸುಣ್ಣದಿಂದ ಮುಚ್ಚುವರು. ಮುಂದೆ ಹೋದ ಇರುವೆ ಬಿಟ್ಟ ವಾಸನೆಯ ಗುರುತನ್ನು ಹಿಡಿದು ಹಿಂದಿನದು ಬರುತ್ತದೆ. ಗುರುತು ಅಳಿದರೆ ಸಾಲು ಕಡಿಯುತ್ತದೆ. ಊರ ಹೊರಗಿನ ಇರುವೆಯ ಗೂಡಿಗೆ ಆಗಾಗ ಹಿಡಿ ಹಿಟ್ಟು, ಸಕ್ಕರೆ ಹಾಕಿ ಬರುವ ಪದ್ಧತಿಯನ್ನೂ ಅವರು ಬಿಡಲಿಲ್ಲ. ಮಗನಿಗೆ ಅವರು ಹೇಳುತ್ತಿದ್ದ ಮಾತು ಒಂದೇ: “ಹುಳಾ ಬಂದ ಮ್ಯಾಲ ಬಡಿದಾಡೂದ್ಯಾಕ, ತಮ್ಮಾ? ಬರೂ ಹಾದೀನ ಮುಚ್ಚು.”

ಈ ಮಾತು ಶಾಸ್ತ್ರದ ಸಾರವೇ ಆಗಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಬರಿಯ ಪ್ರಾಣಹರಣವನ್ನು ಹೇಳಲಿಲ್ಲ. ಪ್ರಮಾದದಿಂದ ಕೂಡಿದ ಪ್ರವೃತ್ತಿಯಿಂದ ಆಗುವ ಪ್ರಾಣಹರಣವನ್ನು ಹಿಂಸೆಯೆಂದರು. ಪ್ರಮಾದವೆಂದರೆ ಎಚ್ಚರಗೇಡಿತನ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಮುಂದೆ ಹೋಗಿ, ಜೀವಿ ಸಾಯಲಿ ಬದುಕಲಿ, ಯತ್ನವಿಲ್ಲದೆ ನಡೆಯುವವನಿಗೆ ಹಿಂಸೆ ನಿಶ್ಚಿತವೆಂದೂ, ಯತ್ನದಿಂದ ನಡೆಯುವವನಿಗೆ ಬಾಹ್ಯ ಹಿಂಸೆ ಮಾತ್ರದಿಂದ ಬಂಧವಿಲ್ಲವೆಂದೂ ತಿಳಿಸಿದ್ದಾರೆ. ಈ ದೃಷ್ಟಿಯಿಂದ ನೋಡಿದರೆ, ಜಿರಲೆಯ ಮೇಲೆ ವಿಷ ಸಿಂಪಡಿಸಿದ ಗಳಿಗೆಯಲ್ಲಿ ಹಿಂಸೆ ಆರಂಭವಾಗಲಿಲ್ಲ. ಹಿಂದಿನ ರಾತ್ರಿ ಎಂಜಲು ತಟ್ಟೆಯನ್ನು ಹಾಗೆಯೇ ಬಿಟ್ಟು ಮಲಗಿದ ಗಳಿಗೆಯಲ್ಲಿ ಅದು ಆರಂಭವಾಯಿತು. ತಾನೇ ಕರೆದು ಉಣಿಸಿದ ಅತಿಥಿಯನ್ನು ಮರುದಿನ ಕೊಲ್ಲುವುದು ಯಾವ ನ್ಯಾಯ?

ವರ್ಷಕ್ಕೊಮ್ಮೆ ಬರುವ ಶ್ರುತಪಂಚಮಿಯು ಈ ಯತ್ನಾಚಾರಕ್ಕೆ ಅಂದವಾದ ನಿದರ್ಶನ. ಜ್ಯೇಷ್ಠ ಶುದ್ಧ ಪಂಚಮಿಯಂದು, ಮಳೆಗಾಲವು ಬಲಗೊಳ್ಳುವ ಮುನ್ನ, ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುತ್ತಾರೆ. ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಗ್ರಂಥಗಳ ತಾಳೆಗರಿಗಳು ಕರಾವಳಿಯ ಅಷ್ಟು ಮಳೆಯ ನಡುವೆ ಶತಮಾನಗಳ ಕಾಲ ಉಳಿದು ಬಂದವು. ಕೆಲವು ಗರಿಗಳು ನಷ್ಟವಾದದ್ದೂ ಉಂಟು. ಆದರೂ ಉಳಿದದ್ದು ಬಹುಪಾಲು; ಆ ಶತಮಾನಗಳಲ್ಲಿ ಯಾವ ಕಾರ್ಖಾನೆಯ ವಿಷವೂ ಅವುಗಳ ಕಾವಲಿಗೆ ಇರಲಿಲ್ಲ. ಬಟ್ಟೆ, ಗಾಳಿ, ಕೈಯ ಕೆಲಸ ಇವೇ ಕಾವಲು.

ಇನ್ನು ಬಾಗಿಲಿನ ಹೊರಗಿನ ಅಂಗಡಿ. ಅಲ್ಲಿಯ ಹಿಂದಿನ ಕಪಾಟಿನ ವಿಷಯದಲ್ಲಿ ಆ ವ್ಯಾಪಾರಿಯ ಬಳಿ ಸಿದ್ಧ ಸಮಾಧಾನಗಳಿದ್ದವು. ತಾನು ಕೊಲ್ಲುವುದಿಲ್ಲ, ಮಾರುವುದು ಮಾತ್ರ. ತಾನು ಮಾರದಿದ್ದರೆ ಮುಂದಿನ ಅಂಗಡಿಯವನು ಮಾರುತ್ತಾನೆ. ಗಿರಾಕಿಯು ಎಣ್ಣೆ ಬೇಳೆಯ ಸಂಗಡ ಅದನ್ನೂ ಕೇಳುತ್ತಾನೆ; ಇಲ್ಲವೆಂದರೆ ಎಣ್ಣೆ ಬೇಳೆಯನ್ನೂ ಅಲ್ಲಿಯೇ ಕೊಳ್ಳುತ್ತಾನೆ. ಅಲ್ಲದೆ ಊರಿನ ಭಾಷೆಯೇ ಅವನಿಗೆ ಅನುಕೂಲವಾಗಿತ್ತು. ಯಾರೂ ವಿಷ ಕೊಡಿರೆಂದು ಕೇಳುವುದಿಲ್ಲ. “ಇಲಿ ಔಷಧ ಕೊಡ್ರಿ” ಎನ್ನುತ್ತಾರೆ. ಹೊಲಕ್ಕೆ ಹೊಡೆಯುವುದೂ ಔಷಧ, ತಿಗಣೆಗೆ ಹಾಕುವುದೂ ಔಷಧ. ಹೆಸರು ಬದಲಾದರೆ ಮನಸ್ಸಿನ ಅಳುಕು ಅರ್ಧ ಇಳಿಯುತ್ತದೆ.

ಆಚಾರ್ಯರು ಈ ಹಾದಿಯನ್ನೂ ಮುಂಚಿತವಾಗಿ ಕಂಡಿದ್ದರು. ಪಾಪವು ಕೃತ, ಕಾರಿತ, ಅನುಮತ ಎಂದು ಮೂರು ಬಗೆಯಲ್ಲಿ ಬರುತ್ತದೆ. ತಾನು ಮಾಡಿದ್ದು, ಮಾಡಿಸಿದ್ದು, ಮಾಡಿದುದಕ್ಕೆ ಒಪ್ಪಿದ್ದು. ಗೃಹಸ್ಥನು ಬಿಡಬೇಕಾದ ಅನರ್ಥದಂಡಗಳಲ್ಲಿ ಹಿಂಸಾದಾನವೆಂಬುದು ಒಂದು. ಕೊಲ್ಲುವ ಉಪಕರಣವನ್ನು ಇನ್ನೊಬ್ಬರ ಕೈಗೆ ಕೊಡುವುದೇ ಹಿಂಸಾದಾನ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅಂಥ ಉಪಕರಣಗಳನ್ನು ಎಣಿಸುವಾಗ ಶಸ್ತ್ರ, ಅಗ್ನಿಗಳ ಜೊತೆಯಲ್ಲಿ ವಿಷವನ್ನೂ ಹೇಳಿದ್ದಾರೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗವು ಶ್ರಾವಕನಿಗೆ ಸಲ್ಲದ 15 ಕರ್ಮಾದಾನಗಳಲ್ಲಿ ವಿಷವಾಣಿಜ್ಯವನ್ನು ಸೇರಿಸಿದೆ. ಎರಡು ಪರಂಪರೆಗಳೂ ಈ ಮಾತಿನಲ್ಲಿ ಒಂದೇ. ಇನ್ನು ಸಂಕಲ್ಪದ ಬಲವೆಷ್ಟೆಂಬುದನ್ನು 1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯನ್ನು ಬಲ್ಲ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಯಶೋಧರನು ಬಲಿಕೊಟ್ಟದ್ದು ಜೀವವಿಲ್ಲದ ಹಿಟ್ಟಿನ ಕೋಳಿಯನ್ನು. ಕೊಂದ ಭಾವ ಮಾತ್ರಕ್ಕೆ ಅವನೂ ಅವನ ತಾಯಿಯೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ತೊಳಲಿದರು. ಹಿಟ್ಟಿನ ಕೋಳಿಗೇ ಅಷ್ಟಾದರೆ, ಗಲ್ಲಾಪೆಟ್ಟಿಗೆಗೆ ಹಣ ತರುವ ನಿಜವಾದ ಪಾಷಾಣಕ್ಕೆ ಎಷ್ಟು?

ವ್ಯಾಪಾರಿಯು ಇದೆಲ್ಲವನ್ನೂ ಬಲ್ಲವನೇ. ಚಾತುರ್ಮಾಸದ ಪ್ರವಚನಗಳಲ್ಲಿ ಕೇಳಿದ್ದನು. ಆದರೆ ಕೇಳಿದ್ದು ಕಿವಿಯ ಖಾತೆಗೆ, ಕಪಾಟು ಲಾಭದ ಖಾತೆಗೆ ಬರೆಯಲ್ಪಟ್ಟಿತ್ತು.

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭೆ, ಮಲಪ್ರಭೆ, ಕೃಷ್ಣೆಗಳು ಉಕ್ಕಿ ಬಾಗಲಕೋಟೆ ಜಿಲ್ಲೆಯ ದಂಡೆಯ ಊರುಗಳು ಕಷ್ಟಕ್ಕೀಡಾದವು. ನೀರು ಇಳಿದ ಮೇಲೆ ಬಿಲ ಕಳೆದುಕೊಂಡ ಇಲಿಗಳು ಮನೆಗಳನ್ನು ಹೊಕ್ಕವು. ಹಿಂದಿನ ಕಪಾಟಿನ ವ್ಯಾಪಾರ ಮುಂದಿನದನ್ನು ಮೀರಿಸಿತು. ಆ ದಿನಗಳಲ್ಲಿ ಒಬ್ಬ ಕೂಲಿಕಾರನು ಸಂತೆಯ ಸಾಮಾನಿನ ಸಂಗಡ ಇಲಿಪಾಷಾಣದ ಒಂದು ಪೊಟ್ಟಣವನ್ನು ಉದ್ರಿಯಾಗಿ ಒಯ್ದನು. ಬೆಲೆ ಹತ್ತು ರೂಪಾಯಿ. ಆ ಪಾಷಾಣವು ಬಿಸ್ಕತ್ತಿನಂತೆ ಕಾಣುವ ಬಿಲ್ಲೆ. ಮೂರನೆಯ ದಿನ ಅವನ ಚಿಕ್ಕ ಮಗನು ಮೂಲೆಯಲ್ಲಿ ಕುಳಿತು ಅದನ್ನು ಕಚ್ಚಿದ್ದನ್ನು ತಾಯಿ ಕಂಡಳು.

ಮಗುವನ್ನು ಬಾಗಲಕೋಟೆಯ ಆಸ್ಪತ್ರೆಗೆ ಒಯ್ದರು. ಇಂಥ ಪಾಷಾಣವು ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಇಲಿಯು ತಿಂದ ಕೂಡಲೆ ಸಾಯದೆ, ಕೆಲವು ದಿನಗಳಲ್ಲಿ ಒಳಗೊಳಗೆ ರಕ್ತ ಸುರಿದು ಸಾಯುತ್ತದೆ. ಮಗುವಿಗೂ ಅದರ ಫಲ ತಡವಾಗಿ ಕಾಣಬಹುದೆಂದು ವೈದ್ಯರು ಹಲವು ದಿನ ರಕ್ತಪರೀಕ್ಷೆ ಮಾಡುತ್ತ, ವಿಟಮಿನ್ ಕೆ ಕೊಡುತ್ತ ಕಾದರು. ವ್ಯಾಪಾರಿಯು ಎರಡು ಸಲ ಆಸ್ಪತ್ರೆಗೆ ಹೋಗಿ ಬಂದನು. ಅಲ್ಲಿ ಏನು ಮಾತನಾಡಬೇಕೆಂದು ಅವನಿಗೆ ತೋಚಲಿಲ್ಲ. ಮಗು ಬದುಕಿತು. ಮನೆಯಲ್ಲಿ ತಾಯಿಯು ಏನನ್ನೂ ಕೇಳಲಿಲ್ಲ. ಆ ವಾರ ಆಕೆ ಅಂಗಡಿಯ ಬಾಗಿಲನ್ನು ದಾಟಿ ಹೊರಗೆ ಬರಲಿಲ್ಲ.

ಒಂದು ತಿಂಗಳ ನಂತರ ಕೂಲಿಕಾರನು ಬಾಕಿ ತೀರಿಸಲು ಬಂದನು. ವ್ಯಾಪಾರಿಯು ಲೆಕ್ಕ ಮಾಡುವಾಗ ಪಾಷಾಣದ ಹತ್ತು ರೂಪಾಯಿಯನ್ನು ಕೂಡಿಸದೆ ಬಿಟ್ಟನು. ಅಕ್ಷರ ಬಲ್ಲ ಆ ಮನುಷ್ಯನು ಅದನ್ನು ಕಂಡುಹಿಡಿದನು. “ಸಾವಕಾರ್ರ, ಆ ಇಲಿ ಔಷಧದ ರೊಕ್ಕಾನೂ ಹಿಡೀರಿ. ತಗೊಂಡಾಂವ ನಾನ” ಎಂದು ಹತ್ತರ ನೋಟನ್ನು ತಕ್ಕಡಿಯ ಪಕ್ಕದಲ್ಲಿ ಇಟ್ಟು ಹೋದನು. ಅವನ ಮಾತಿನಲ್ಲಿ ದೂಷಣೆ ಇರಲಿಲ್ಲ. ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಹೋಗಿದ್ದನು. ವ್ಯಾಪಾರಿಗೆ ಆ ನೋಟನ್ನು ಯಾವ ಖಾತೆಗೆ ಜಮಾ ಮಾಡಬೇಕೆಂಬುದು ತಿಳಿಯಲಿಲ್ಲ. ಅಂದು ಸಂಜೆ ಹಿಂದಿನ ಕಪಾಟು ಬರಿದಾಯಿತು. ಉಳಿದ ಪೊಟ್ಟಣಗಳನ್ನು ಅವನು ಮಾರಿದ ಸಗಟು ವ್ಯಾಪಾರಿಗೆ ಹಿಂದಿರುಗಿಸಿದನು. ಅವು ಅಲ್ಲಿಂದ ಬೇರೆ ಅಂಗಡಿಗೆ ಹೋದವೆಂಬುದನ್ನೂ ಅವನು ಬಲ್ಲನು.

ವಿಷದ ಮೇಲಿನ ಭರವಸೆ ಒಂದು ಊರಿನ, ಒಬ್ಬ ವ್ಯಾಪಾರಿಯ ಮಾತಲ್ಲ. ಅದು ಇಡೀ ಕಾಲದ ಭ್ರಮೆ. ಡಿಡಿಟಿಗೆ ಕೀಟಗಳನ್ನು ಕೊಲ್ಲುವ ಗುಣವಿದೆಯೆಂದು 1939ರಲ್ಲಿ ಪೌಲ್ ಮ್ಯುಲ್ಲರ್ ಕಂಡುಹಿಡಿದು, 1948ರಲ್ಲಿ ನೊಬೆಲ್ ಪಾರಿತೋಷಕ ಪಡೆದನು. ಭಾರತದಲ್ಲಿ 1953ರಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ ಮನೆಮನೆಯ ಗೋಡೆಗೆ ಡಿಡಿಟಿ ಸಿಂಪಡಿಸಿದರು. ಅದರಿಂದ ಅಸಂಖ್ಯ ಜನರ ಪ್ರಾಣ ಉಳಿಯಿತೆಂಬುದನ್ನು ಮರೆಯಬಾರದು; ಕೋಟಿಗಟ್ಟಲೆ ಇದ್ದ ರೋಗಿಗಳ ಸಂಖ್ಯೆ 1965ರ ಹೊತ್ತಿಗೆ ಸುಮಾರು 1 ಲಕ್ಷಕ್ಕೆ ಇಳಿದಿತ್ತು. ಆದರೆ 1976ರಲ್ಲಿ ಅದು ಮತ್ತೆ 64 ಲಕ್ಷಕ್ಕೆ ಏರಿತು. ಕಾರಣಗಳು ಹಲವು, ಸೊಳ್ಳೆಗಳು ವಿಷಕ್ಕೆ ಒಗ್ಗಿಕೊಂಡದ್ದು ಅವುಗಳಲ್ಲಿ ಒಂದು. ವಿಷದಿಂದ ಸಾಯದೆ ಉಳಿದವುಗಳ ಸಂತಾನವೇ ಮುಂದೆ ಬೆಳೆಯುವುದರಿಂದ, ಇಂದಿನ ಪ್ರಮಾಣವು ನಾಳೆಗೆ ಸಾಲದಾಗುತ್ತದೆ.

ಕೊಲ್ಲಲೆಂದು ತಯಾರಿಸಿದ್ದು ಮನುಷ್ಯನನ್ನೂ ಬಿಡಲಿಲ್ಲ. 1984ರ ಡಿಸೆಂಬರ್‌ನಲ್ಲಿ ಭೋಪಾಲದಲ್ಲಿ ಸಾವಿರಾರು ಜನರ ಪ್ರಾಣ ತೆಗೆದ ಅನಿಲವು ಕೀಟನಾಶಕ ಕಾರ್ಖಾನೆಯದು. ಕನ್ನಡಿಗರು ವಾಸಿಸುವ ಕಾಸರಗೋಡಿನ ಎಣ್ಮಕಜೆ ಮುಂತಾದ ಗ್ರಾಮಗಳಲ್ಲಿ ಗೇರುತೋಟಗಳ ಮೇಲೆ 2000ದವರೆಗೆ 20ಕ್ಕೂ ಹೆಚ್ಚು ವರ್ಷ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅಲ್ಲಿಯ ಮಕ್ಕಳ ಸಂಕಟವು ನಾಡಿನ ಕಣ್ಣಿಗೆ ಬಿದ್ದು, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲಿ ಅದರ ತಯಾರಿಕೆ ಮಾರಾಟಗಳನ್ನು ತಡೆಯಿತು. ಇವು ದೊಡ್ಡ ಪ್ರಸಂಗಗಳು. ಬಿಲ್ಲೆ ಕಚ್ಚಿದ ಮಗುವಿನದು ಸಣ್ಣ ಪ್ರಸಂಗ. ನ್ಯಾಯ ಒಂದೇ.

ಹಾಗಾದರೆ ಇಲಿಗೆ ಉಪಾಯವೇನು? ವ್ಯಾಪಾರಿಯು ತನ್ನ ಉಗ್ರಾಣದಲ್ಲಿಯೇ ಅದನ್ನು ಪರೀಕ್ಷಿಸಿದನು. ಚೀಲಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ ಒಟ್ಟಿಸಿದನು; ಸುತ್ತ ಓಡಾಡಿ ಗುಡಿಸಲು ಅನುವಾಯಿತು. ಬಾಗಿಲಿನ ಕೆಳಗಿನ ಸಂದಿಗೆ ತಗಡು ಬಡಿಸಿದನು. ಬೆರಳು ತೂರುವ ಕಿಂಡಿಗಳನ್ನೆಲ್ಲ ಗಾರೆಯಿಂದ ಮುಚ್ಚಿಸಿದನು. ಚೆಲ್ಲಿದ ಕಾಳನ್ನು ದಿನವೂ ಸಂಜೆ ಎತ್ತಿಸಿದನು. ಒಳಗೆ ಉಳಿದ ಇಲಿಗಳನ್ನು ಬೋನಿನಲ್ಲಿ ಹಿಡಿದು, ತಡಮಾಡದೆ, ಯಾರ ಹೊಲವೂ ಅಲ್ಲದ ಕುರುಚಲಿನಲ್ಲಿ ಬಿಡಿಸಿದನು. ವಿಷವಿಟ್ಟು ಇಲಿಗಳನ್ನು ಕಡಿಮೆ ಮಾಡಿದರೂ ಕೂಳು ಇರುವವರೆಗೆ ಆ ಜಾಗಕ್ಕೆ ಬೇರೆ ಇಲಿಗಳು ಬರುತ್ತವೆ. ಕೂಳು ತೀರಿದರೆ ಬರುವುದು ನಿಲ್ಲುತ್ತದೆ. 1994ರಲ್ಲಿ ಸೂರತ್ ನಗರದಲ್ಲಿ ಪ್ಲೇಗಿನ ಭಯದಿಂದ ಜನ ಊರು ಬಿಟ್ಟು ಓಡಿದರು. ಮುಂದೆ ಆ ನಗರಕ್ಕೆ ಹೆಸರು ತಂದುಕೊಟ್ಟದ್ದು ಇಲಿಪಾಷಾಣವಲ್ಲ. 1995ರಿಂದ ಅಲ್ಲಿಯ ಮಹಾನಗರಪಾಲಿಕೆ ಹಟ ಹಿಡಿದು ನಡೆಸಿದ ಕಸ ವಿಲೇವಾರಿ ಮತ್ತು ಗಟಾರಗಳ ಸ್ವಚ್ಛತೆ.

ಸೊಳ್ಳೆಯ ಪ್ರಶ್ನೆ ಇದಕ್ಕಿಂತ ಕಠಿಣ. ಅದು ಚತುರಿಂದ್ರಿಯ ಜೀವಿ ನಿಜ. ಅದರ ಮೂಲಕ ಬರುವ ಡೆಂಗಿ, ಆನೆಕಾಲು ರೋಗಗಳೂ ನಿಜ. ಬಾಗಲಕೋಟೆಯು ರಾಜ್ಯದಲ್ಲಿ ಆನೆಕಾಲು ರೋಗ ಕಂಡ ಜಿಲ್ಲೆಗಳಲ್ಲಿ ಒಂದು. ಸೊಳ್ಳೆಯ ತತ್ತಿ ರೆಕ್ಕೆಯ ಸೊಳ್ಳೆಯಾಗಲು 8–10 ದಿನ ಸಾಕು. ನೀರಿನ ಹೌದು, ಬ್ಯಾರಲುಗಳನ್ನು ಅರಿವೆ ಕಟ್ಟಿ ಬಿಗಿಯಾಗಿ ಮುಚ್ಚಿದರೆ ತತ್ತಿಯೇ ಬೀಳದು. ನೀರನ್ನು ಸೋಸಿಯೇ ಬಳಸುವ ಮನೆಯಲ್ಲಿ ಅರಿವೆಗೆ ಬರವಿಲ್ಲ. ಅದನ್ನು ಕೊಡದ ಬಾಯಿಗೆ ಕಟ್ಟುವಂತೆ ಹೌದಿನ ಬಾಯಿಗೂ ಕಟ್ಟಬೇಕಷ್ಟೆ. ಕಿಟಕಿಗೆ ಜಾಳಿಗೆ, ಮಲಗುವಲ್ಲಿ ಪರದೆ, ಮನೆಯ ಮುಂದಿನ ಗಟಾರದ ನೀರು ಹರಿದು ಹೋಗುವಂತೆ ಮಾಡುವುದು, ಇವು ಯಾವ ಜೀವಿಯ ಪ್ರಾಣವನ್ನೂ ಕೇಳದ ಉಪಾಯಗಳು.

ಮುಚ್ಚದೆ ಬಿಟ್ಟ ಹೌದಿನಲ್ಲಿ ಮರಿಗಳು ಆಗಲೇ ಆಡುತ್ತಿದ್ದರೆ? ಅಲ್ಲಿ ಶುದ್ಧವಾದ ಉತ್ತರವಿಲ್ಲ. ಚೆಲ್ಲಿದರೂ ಸಾಯುತ್ತವೆ, ಬಿಟ್ಟರೆ ನೆರೆಯವರ ಮಗುವಿಗೆ ಜ್ವರ ಬರುತ್ತದೆ. ಮರಿಗಳನ್ನು ತಿನ್ನುವ ಮೀನು ಬಿಟ್ಟರೆ ಕೈ ಶುದ್ಧವಾಯಿತೆಂದು ತಿಳಿಯುವುದೂ ಸರಿಯಲ್ಲ. ಅದು ಕಾರಿತದ ಇನ್ನೊಂದು ರೂಪ. ಇಂಥಲ್ಲಿ ಗೃಹಸ್ಥನು ನೆರೆಹೊರೆಯ ಆರೋಗ್ಯಕ್ಕೆ ಬೇಕಾದುದನ್ನು ಮಾಡಿ, ತನ್ನ ಪ್ರಮಾದಕ್ಕಾಗಿ ಪ್ರತಿಕ್ರಮಣ ಮಾಡಿ, ಮರುದಿನವೇ ಮುಚ್ಚಳವನ್ನು ತರಬೇಕು. ಊರಿನಲ್ಲಿ ರೋಗ ಹರಡಿ ಆರೋಗ್ಯ ಇಲಾಖೆಯವರು ಬಂದಾಗ ಬಾಗಿಲು ಹಾಕಿಕೊಳ್ಳುವುದು ಧರ್ಮವಲ್ಲ. ತನ್ನ ವ್ರತದ ಬೆಲೆಯನ್ನು ಇನ್ನೊಬ್ಬರ ಮಗುವಿನಿಂದ ತೆರಿಸುವ ಅಧಿಕಾರ ಯಾವ ಶ್ರಾವಕನಿಗೂ ಇಲ್ಲ. ಸಂಕಲ್ಪೀ ಹಿಂಸೆಯನ್ನು ಸರ್ವಥಾ ಬಿಡಬೇಕು, ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಆದಷ್ಟು ತಗ್ಗಿಸಬೇಕು ಎಂದು ಆಚಾರ್ಯರು ಗೃಹಸ್ಥನಿಗೆ ವಿಭಾಗಿಸಿ ಹೇಳಿದ್ದು ಅವನ ಈ ಸಂಕಟವನ್ನು ಬಲ್ಲವರಾದುದರಿಂದಲೇ.

ಹಿಂದಿನ ಕಪಾಟಿನಲ್ಲಿ ಈಗ ಇಲಿಯ ಬೋನು, ಸೊಳ್ಳೆಪರದೆ, ಜಾಳಿಗೆಯ ಸುರುಳಿ, ಬಿಗಿ ಮುಚ್ಚಳದ ಡಬ್ಬಿಗಳಿವೆ. ಲಾಭ ಮೊದಲಿನಷ್ಟಿಲ್ಲ. ಬೋನನ್ನು ಒಮ್ಮೆ ಕೊಂಡವನು ಮತ್ತೆ ಬರುವುದು ಬಹಳ ವರ್ಷಕ್ಕೆ. ಪಾಷಾಣ ಕೊಂಡವನು ಪ್ರತಿ ತಿಂಗಳೂ ಬರುತ್ತಾನೆ. ಕೆಲವು ಗಿರಾಕಿಗಳು ಮುಂದಿನ ಅಂಗಡಿಗೆ ಹೋದರು. ಊರಿನಲ್ಲಿ ವಿಷದ ಮಾರಾಟವು ಇವನೊಬ್ಬನಿಂದ ನಿಂತಿಲ್ಲ. ಇವನು ಮಾರುವ ಬೆಲ್ಲ, ಬೇಳೆಗಳೂ ಔಷಧ ಹೊಡೆದ ಹೊಲದಿಂದಲೇ ಬರಬಹುದೆಂಬುದನ್ನು ಇವನು ಬಲ್ಲನು. ಗೃಹಸ್ಥನ ಖಾತೆಯಲ್ಲಿ ಬಾಕಿ ಪೂರ್ತಿ ಸೊನ್ನೆಯಾಗುವುದಿಲ್ಲ. ಆದರೆ ತನ್ನ ಕೈಬರಹದಲ್ಲಿ ಬರೆದ ಬಾಕಿಯನ್ನಾದರೂ ಇಳಿಸುವುದು ಸಾಧ್ಯ.

ಶ್ರೀ ಮಹಾವೀರಸ್ವಾಮಿಯ ನಿರ್ವಾಣದ ದಿನವಾದ ದೀಪಾವಳಿಯಲ್ಲಿ ಅಂಗಡಿಗಳಲ್ಲಿ ಹೊಸ ಕಿರ್ದಿ ಪುಸ್ತಕ ಪೂಜೆಯಾಗುತ್ತದೆ. ಆ ವ್ಯಾಪಾರಿಯ ಹೊಸ ಪುಸ್ತಕದ ಮೊದಲ ಪುಟದಲ್ಲಿ ಪ್ರತಿ ವರ್ಷವೂ ಹಿಂದಿನ ಬಾಕಿಯೆಂದು ಹತ್ತು ರೂಪಾಯಿ ಬರೆಯಲ್ಪಡುತ್ತದೆ. ಕೊಡಬೇಕಾದವರ ಹೆಸರಿನಲ್ಲಿ ಅವನದೇ ಹೆಸರು. ಆ ನೋಟು ಗಲ್ಲಾಪೆಟ್ಟಿಗೆಯ ಒಂದು ಮೂಲೆಯಲ್ಲಿ ಹಾಗೆಯೇ ಇದೆ. ತಾಯಿಯು ಮತ್ತೆ ಅಂಗಡಿಯ ಬಾಗಿಲು ದಾಟಿ ಬಂದು, ಡಬ್ಬಿಯ ಮುಚ್ಚಳಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ.

ಮುಂದಿನ ಮಳೆಗಾಲಕ್ಕೆ ಮೊದಲು ಪ್ರತಿ ಶ್ರಾವಕನೂ ತನ್ನ ಮನೆಯ ಕಾಳು, ಹಿಟ್ಟು, ಹೌದು, ಕಿಂಡಿಗಳನ್ನು ಒಮ್ಮೆ ಹೀಗೆ ಒತ್ತಿ ನೋಡಲಿ. ಅಂಗಡಿಯುಳ್ಳವನು ತನ್ನ ಹಿಂದಿನ ಕಪಾಟನ್ನೂ ಒಮ್ಮೆ ತೆರೆದು ನೋಡಲಿ.